ಹುಳದ ಸರದಿ

ಒಂದು ದಾಳಿಂಬೆ ಗಿಡಕ್ಕೆ ಎಷ್ಟು ಬೀಳುತ್ತದೆ ಎಂದು ಕೇಳಿದರೆ, ರೂಪಾಯಿಯಲ್ಲಿ ಉತ್ತರ ಕೊಡುವವನು ತೋಟ ಮಾಡಿದವನಲ್ಲ. ಅಥಣಿಯಾಚೆಯ ಒಣ ಸೀಮೆಯಲ್ಲಿ ಗಿಡಕ್ಕೆ ಮೊದಲು ಬೀಳುವುದು ಮನೆಯವರ ಸ್ನಾನದ ನೀರು. ಆಮೇಲೆ ಹೆಂಗಸರ ಮೊಣಕೈ ಚರ್ಮ, ಏಕೆಂದರೆ ದಾಳಿಂಬೆ ಮುಳ್ಳಿನ ಗಿಡ, ಗೀರದೆ ಮೈ ಮುಟ್ಟಗೊಡುವುದಿಲ್ಲ. ಎಳೆಯ ಗಿಡ ಮೊದಲ ಹೂ ಬಿಟ್ಟಾಗ ಅಷ್ಟನ್ನೂ ಕಿತ್ತೆಸೆಯುವ ಎದೆಗಾರಿಕೆ ಬೇಕು, ಮರುವರ್ಷ ಇನ್ನೊಮ್ಮೆ ಕಿತ್ತೆಸೆಯುವ ತಾಳ್ಮೆ ಬೇಕು. ತಂಗಿಯ ಮನೆಯ ಸೀಮಂತಕ್ಕೆ ಹೋಗದೆ ಟೊಂಗೆ ಸವರುತ್ತ ನಿಂತ ದಿನಗಳಿವೆ, ಅದಕ್ಕೆ ತಂಗಿ ಆಡಿದ ಮಾತುಗಳಿವೆ. ಇಷ್ಟೆಲ್ಲ ಬಿದ್ದಮೇಲೆ ಗಿಡ ಹಣ್ಣಿಗೆ ಬರುತ್ತದೆ. ಅದನ್ನು ಕೊಲ್ಲುವ ಖರ್ಚು ಮಾತ್ರ ಬಹಳ ಕಡಿಮೆ. ಕಾಂಡದಲ್ಲಿ ಸೂಜಿ ಚುಚ್ಚಿದಷ್ಟು ಒಂದು ತೂತು, ಅಷ್ಟೆ.

ಆ ತೂತು ಕೊರೆಯುವ ದುಂಬಿಗೆ ಜನ ಸೂಜಿಹುಳ ಎಂದು ಹೆಸರಿಟ್ಟಿದ್ದರು. ಎಳ್ಳಿನ ಕಾಳಿಗಿಂತ ಚಿಕ್ಕದು, ಹೊಳೆಯುವ ಕಪ್ಪು. ಅದು ತಿನ್ನುವುದು ಹೆಚ್ಚೇನಿಲ್ಲ. ಆದರೆ ಮೈಗೆ ಅಂಟಿಸಿಕೊಂಡು ಸೊರಗುರೋಗವನ್ನು ತರುತ್ತದೆ. ರೋಗ ಕಾಂಡದೊಳಗೆ ಇಳಿದು ನೀರು ಏರುವ ದಾರಿಯನ್ನು ಕಟ್ಟುತ್ತದೆ. ಮೊದಲು ಒಂದು ಟೊಂಗೆ ಹಳದಿಯಾಗುತ್ತದೆ, ನಂತರ ಇಡೀ ಗಿಡ ಹಣ್ಣು ಹೊತ್ತುಕೊಂಡೇ ಒಣಗಿ ನಿಲ್ಲುತ್ತದೆ. ಕೀಟನಾಶಕದ ಎಣ್ಣೆ ಹೊಡೆದವರು ಹೊಡೆದೇ ಹೊಡೆದರು. ಹುಳ ಕಟ್ಟಿಗೆಯೊಳಗೆ, ಎಣ್ಣೆ ಹೊರಗೆ. ಸತ್ತದ್ದು ಜೇನು. ಕೊನೆಗೆ ಎಣ್ಣೆಯ ವಾಸನೆ ಇರುವ ಹಣ್ಣನ್ನು ಹೊರದೇಶದವರು ಬಂದರಿನಲ್ಲೇ ತಿರುಗಿಸಿ ಕಳಿಸಲಾರಂಭಿಸಿದರು.

ಆಗ ಸಂಶೋಧನಾ ಕೇಂದ್ರದವರು ಒಂದು ಬೂಜನ್ನು ಬೆಳೆಸಿ ತಂದರು. ಹುಳವನ್ನು ಕೊಲ್ಲುವ ಬೂಜು ಮಣ್ಣಿನಲ್ಲಿ ಹಿಂದಿನಿಂದಲೂ ಇದೆ, ಹೊಸದೇನಲ್ಲ. ಇವರು ಅದಕ್ಕೆ ಇನ್ನೊಂದು ಗುಣ ಸೇರಿಸಿದರು. ನಿತ್ರಾಣವಾದ ಗಿಡ ಒಂದು ಬಗೆಯ ಹುಳಿ ವಾಸನೆ ಬಿಡುತ್ತದೆ, ಸೂಜಿಹುಳ ಆ ವಾಸನೆ ಹಿಡಿದೇ ಗಿಡ ಹುಡುಕುತ್ತದೆ. ಹೊಸ ಬೂಜು ಅದೇ ವಾಸನೆ ಬಿಡುತ್ತಿತ್ತು. ಬೂಜಿನ ಪುಡಿಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಗಿಡದ ನೆರಳಿಗೆ ತೂಗುಬಿಟ್ಟರೆ ಹುಳ ತಾನಾಗಿ ಬಂದು ಮೈತುಂಬ ಪುಡಿ ಮೆತ್ತಿಕೊಂಡು ತನ್ನ ತೂತಿಗೆ ಹೋಗುತ್ತದೆ, ಒಳಗಿದ್ದ ಸಂಸಾರಕ್ಕೂ ಹಂಚುತ್ತದೆ. ಕೆಲವು ದಿನದಲ್ಲಿ ತೂತಿನೊಳಗೆ ಎಲ್ಲ ಬಿಳಿಚಿ ಸಾಯುತ್ತವೆ. ಕರೆದು ಕೊಲ್ಲುವುದರಿಂದ ಅದಕ್ಕೆ ಕರೆಬೂಜು ಎಂದರು. ತೋಟಕ್ಕೊಂದು ಮೂಗುಗಂಬವನ್ನೂ ನೆಟ್ಟರು. ಆಳೆತ್ತರದ ಕಬ್ಬಿಣದ ಗಳ, ಅದರ ತುದಿಗೆ ಮುಷ್ಟಿಗಾತ್ರದ ಯಂತ್ರ. ಗಾಳಿ ಮೂಸಿ ಎಷ್ಟು ಹುಳ ಹಾರಾಡುತ್ತಿವೆ ಎಂದು ಅಳೆದು ಕೇಂದ್ರಕ್ಕೆ ಸುದ್ದಿ ಕಳಿಸುವುದು ಅದರ ಕೆಲಸ.

ಹಿರೇಬಾವಿ ಎಂಬ ಊರಿನಲ್ಲಿ ಈ ಪುಡಿ ಮಾಡುವ ಕೆಲಸ ಹೆಂಗಸರ ಸಂಘಕ್ಕೆ ಬಂತು. ಸಂಘದವರು ಕುಸುಮವ್ವನನ್ನು ಯಜಮಾನಿ ಮಾಡಿದರು. ಆಕೆ ಕಲಿತದ್ದು ನಾಲ್ಕನೆಯ ಇಯತ್ತೆ. ಆದರೆ ಅವಳ ಕೈಯ ಮೊಸರು ಊರಿಗೇ ಹೆಸರಾದದ್ದು. ಯಾರ ಮನೆಯಲ್ಲಿ ಮೊಸರು ಲೋಳೆಯಾದರೂ ಬಟ್ಟಲು ಹಿಡಿದು ಕುಸುಮವ್ವನ ಬಾಗಿಲಿಗೆ ಹೆಪ್ಪು ಕೇಳಲು ಬರುತ್ತಿದ್ದರು. ಬೂಜು ಬೆಳೆಸುವುದೂ ಹೆಪ್ಪು ಹಾಕಿದಂತೆಯೇ ಎಂದು ಕೇಂದ್ರದವರು ವಿವರಿಸಿದ್ದರಿಂದ ಎಲ್ಲರ ಕಣ್ಣೂ ಅವಳ ಮೇಲೇ ಬಿತ್ತು. ಜೋಳವನ್ನು ಅರೆಬೇಯಿಸಿ, ಚೀಲಕ್ಕೆ ತುಂಬಿ, ದೊಡ್ಡ ಕುಕ್ಕರಿನಲ್ಲಿ ಹಬೆಗೆ ಇಟ್ಟು, ಆರಿಸಿ, ಒಂದು ಚಮಚ ತಾಯಿಬೂಜು ಬೆರೆಸಿ ಕತ್ತಲ ಕೋಣೆಯಲ್ಲಿಡಬೇಕು. ಎರಡು ವಾರಕ್ಕೆ ಕಾಳುಗಳ ಮೇಲೆ ಹತ್ತಿ ಅರಳಿದಂತೆ ಬೂಜು ಏಳುತ್ತದೆ. ಒಣಗಿಸಿ ಜರಡಿ ಹಿಡಿದರೆ ಪುಡಿ.

ಕಲಿಸಲು ಬಂದವಳು ರಜಿಯಾ ಸೌದಾಗರ ಎಂಬ ವಿಜ್ಞಾನಿ, ವಿಜಯಪುರದ ಕಡೆಯವಳು, ಕುಸುಮವ್ವನ ಮಗಳಿಗಿಂತ ನಾಲ್ಕಾರು ವರ್ಷ ದೊಡ್ಡವಳು. ಎಲ್ಲ ಹೇಳಿಕೊಟ್ಟು ಕೊನೆಗೆ ಒಂದು ಮಾತನ್ನು ಒತ್ತಿ ಹೇಳಿದಳು. ಜೋಳದಿಂದ ಜೋಳಕ್ಕೆ ಬೂಜನ್ನು ದಾಟಿಸುತ್ತ ಹೋಗಬಾರದು, ಪ್ರತಿ ಐದನೆಯ ಸಲ ಹುಳದ ಸರದಿ ಬರಬೇಕು. ಅಂದರೆ ಗಾಜಿನ ಡಬ್ಬಿಯಲ್ಲಿ ಬದುಕಿದ ಸೂಜಿಹುಳಗಳನ್ನು ಬಿಟ್ಟು, ಬೂಜು ಅವುಗಳನ್ನು ಕೊಂದಮೇಲೆ ಆ ಸತ್ತ ಮೈಮೇಲೆ ಎದ್ದ ಬೂಜನ್ನೇ ಮುಂದಿನ ತಾಯಿ ಮಾಡಿಕೊಳ್ಳಬೇಕು.

“ಅದಕ್ಕ ಹುಳ ತೋರಸಬೇಕ್ರಿ ಅಕ್ಕಾರ,” ಎಂದಿದ್ದಳು ರಜಿಯಾ. “ಇಲ್ಲಾಂದ್ರ ಜ್ವಾಳಾನ ತನ್ನ ಮನಿ ಅಂತ ತಿಳಕೊಂಡು ಬೇಟಿ ಮರತಬಿಡತೈತಿ.”

ಕುಸುಮವ್ವನದು ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಊಟ, ಬಟ್ಟೆಯಲ್ಲಿ ಸೋಸದೆ ನೀರು ಕುಡಿಯುವವರಲ್ಲ. ಸೋಸಿದ ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳನ್ನು ತಿರುಗಿ ಬಾವಿಗೇ ಬಿಡುವ ಪದ್ಧತಿಯನ್ನು ಅವಳ ಅತ್ತೆ ಕಲಿಸಿದ್ದಳು, ಅವಳು ಬಿಟ್ಟಿರಲಿಲ್ಲ. ಹೀಗಿದ್ದವಳು ಹುಳ ಕೊಲ್ಲುವ ಪುಡಿ ಮಾಡುತ್ತೀಯಲ್ಲ ಎಂದು ಗಂಡ ಭರಮಣ್ಣ ಕಾಡಿಸಿದಾಗ, ಬೆಕ್ಕು ಇಲಿ ಹಿಡಿದರೆ ಹಾಲು ಹಾಕಿದವರಿಗೆ ಪಾಪವೇ ಎಂದು ಬಾಯಿ ಮುಚ್ಚಿಸಿದ್ದಳು.

ಮೊದಲ ಹುಳದ ಸರದಿಯನ್ನು ಅವಳು ಹೇಳಿದಂತೆಯೇ ಮಾಡಿದಳು. ಡಬ್ಬಿಯಲ್ಲಿ ಬಿಟ್ಟ ಹುಳಗಳು ಎರಡು ದಿನ ಚುರುಕಾಗಿ ಓಡಾಡಿದವು. ಮೂರನೆಯ ದಿನ ಕುಡಿದವರಂತೆ ತೂಗಾಡಿದವು. ಆಮೇಲೆ ಒಂದೊಂದರ ಕತ್ತಿನ ಸಂದಿಯಿಂದ, ಕಾಲಿನ ಗೆಣ್ಣಿನಿಂದ ಬಿಳಿಯ ನೂಲು ಹೊರಟಿತು. ಅವಳಿಗೆ ಆ ದಿನ ರೊಟ್ಟಿ ಇಳಿಯಲಿಲ್ಲ. ಅದು ಹೋಗಲಿ, ಆ ಹುಳದಿಂದ ತೆಗೆದ ತಾಯಿಬೂಜು ಹಾಕಿದ ಚೀಲಗಳಲ್ಲಿ ಬೂಜು ತೆಳ್ಳಗೆ ಎದ್ದಿತು, ಪುಡಿ ಬೂದಿಬಣ್ಣಕ್ಕೆ ಬಂತು. ಒಯ್ದವರು ತಿರುಗಿ ತಂದು ಕಟ್ಟೆಯ ಮೇಲೆ ಇಟ್ಟು, ಮುಗ್ಗಿದ ಹಿಟ್ಟು ಮಾರುತ್ತೀರೇನು ಎಂದು ನಕ್ಕರು. ಊರಿನ ಮುಂದೆ ಅವಳ ಕೈ ಕೆಟ್ಟಿತು ಎಂಬ ಮಾತು ಅದೇ ಮೊದಲು.

ಮುಂದಿನ ಸರದಿ ಬಂದಾಗ ಅವಳು ಹುಳದ ಡಬ್ಬಿ ತೆಗೆಯಲಿಲ್ಲ. ಮೊಸರಿಗೆ ಮಾಡಿದಂತೆ ಮಾಡಿದಳು. ಇದ್ದ ಚೀಲಗಳಲ್ಲಿ ಎಲ್ಲಕ್ಕಿಂತ ಬೆಳ್ಳಗಿದ್ದುದನ್ನು, ಎಲ್ಲಕ್ಕಿಂತ ಗಾಢ ವಾಸನೆ ಇದ್ದುದನ್ನು ಆರಿಸಿ ಅದರಿಂದ ಒಂದು ಚಮಚ ತೆಗೆದು ಮುಂದಕ್ಕೆ ಹಾಕಿದಳು. ಅದರ ಮುಂದಿನ ಸಲವೂ ಹಾಗೆಯೇ. ಪುಡಿ ಮಲ್ಲಿಗೆಯಂತೆ ಬಿಳಿದಾಯಿತು. ಹುಳಿ ಬಂದ ಅಂಬಲಿಯ ವಾಸನೆ ಓಣಿಯ ತಿರುವಿಗೇ ಬರುತ್ತಿತ್ತು. ಸುತ್ತಲಿನ ತೋಟದವರು ಹಿರೇಬಾವಿಯ ಪುಡಿಯೇ ಬೇಕೆಂದು ಹಠ ಹಿಡಿದರು. ಹಳೆಯ ತಾಯಿಯ ಕಸುವು ಇನ್ನೂ ಇದ್ದುದರಿಂದ ಒಂದು ವರ್ಷ, ಒಂದೂವರೆ ವರ್ಷ ಹುಳವೂ ಸತ್ತಿತು. ರಜಿಯಾ ಆಗಾಗ ಫೋನು ಮಾಡಿ ಹುಳದ ಸರದಿ ಆಯಿತೇ ಎಂದು ಕೇಳುತ್ತಿದ್ದಳು. ಕುಸುಮವ್ವ “ಆತ್ರಿ” ಎನ್ನುತ್ತಿದ್ದಳು. ಒಂದೇ ಶಬ್ದ, ಹೇಳಲು ಉಸಿರೂ ಬೀಳುತ್ತಿರಲಿಲ್ಲ. ತಾನು ಜೀವ ಕೊಲ್ಲಲಾರದೆ ಬಿಟ್ಟೆ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದಳು. ಧರ್ಮದ ಹೆಸರು ಬಂದದ್ದು ಆಮೇಲೆ. ಮೊದಲು ಇದ್ದದ್ದು ಬಿಳುಪಿನ ಆಸೆ. ಅದು ಅವಳಿಗೂ ಗೊತ್ತಿತ್ತು.

ಮಗಳು ತ್ರಿಶಲಾಳನ್ನು ಕಲ್ಲಗಟ್ಟಿಯ ಪಾಯಗೌಡರ ಮನೆಗೆ ಕೊಟ್ಟಿದ್ದರು. ಪಾಯಗೌಡರದು ದೊಡ್ಡ ದಾಳಿಂಬೆ ತೋಟ. ಅದಕ್ಕೆ ಅವರು ಮೊದಲು ಬೇರೆ ಊರಿನ ಪುಡಿ ತರಿಸುತ್ತಿದ್ದರು. ಕುಸುಮವ್ವ ಹೋದಾಗ ಅದನ್ನು ಅಂಗೈಯಲ್ಲಿ ಹಾಕಿ ನೋಡಿ, ಇಂಥ ಮಾಸಿದ ಪುಡಿಯನ್ನು ಬೀಗರ ತೋಟಕ್ಕೆ ಕಟ್ಟಿದರೆ ನನ್ನ ಮರ್ಯಾದೆಯೇನು ಎಂದು ತನ್ನದನ್ನು ಹೊರೆ ಹೊರೆ ಕಳಿಸಿದಳು. ಪಾಯಗೌಡರು ನಗೆಗಾರರು. ಬೀಗತಿ ಕೊಟ್ಟ ಹೆಪ್ಪಿಗೆ ಹಾಲು ಒಡೆಯದೆ ಇದ್ದಮೇಲೆ ಬೀಗತಿ ಕೊಟ್ಟ ಪುಡಿಗೆ ಗಿಡ ಹೇಗೆ ಒಣಗೀತು ಎಂದು ಹತ್ತು ಜನರ ಮುಂದೆ ಹೇಳಿ ಒಪ್ಪಿಕೊಂಡರು. ಗಂಟು ಕಟ್ಟುವ ಕೆಲಸ ತ್ರಿಶಲಾಳಿಗೆ ಬಂತು. ತಾಯಿಯ ಪುಡಿ ಎಂದು ಅವಳು ಆಳುಗಳ ಕೈಗೆ ಕೊಡದೆ ಸಾಲು ಸಾಲಾಗಿ ತಾನೇ ಕಟ್ಟಿದಳು.

ಆ ವರ್ಷ ಮಳೆಗಾಲದ ನಡುವೆ ತೋಟದ ಪಡುವಣ ಮೂಲೆಯಲ್ಲಿ ಒಂದು ಗಿಡ ಹಳದಿಯಾಯಿತು. ವಾರದೊಳಗೆ ಅದರ ಸಾಲೆಲ್ಲ. ಪಾಯಗೌಡರು ಗಾಬರಿಯಾಗಿ ಇನ್ನಷ್ಟು ಪುಡಿ ತರಿಸಿ ಒಂದು ಗಿಡಕ್ಕೆ ಎರಡು ಗಂಟು ಕಟ್ಟಿಸಿದರು. ರೋಗ ಮತ್ತಷ್ಟು ಬೇಗ ಓಡಿತು. ಪುಡಿ ಚೆನ್ನಾಗಿಯೇ ಇದೆ, ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ. ಹಾಗಾದರೆ ತಪ್ಪು ಕಟ್ಟಿದ ಕೈಯದು ಎಂದು ತ್ರಿಶಲಾಳ ಅತ್ತೆ ಚಂಪಾಬಾಯಿ ತೀರ್ಮಾನಿಸಿದಳು. ಬಿಸಿಲು ತಾಗಿದರೆ ಬೂಜು ಸಾಯುತ್ತದೆಂದು ಎಲ್ಲರಿಗೂ ಗೊತ್ತು. ಸೊಸೆ ನೆರಳು ನೋಡದೆ ಬಿಸಿಲಿಗೆ ಕಟ್ಟಿದ್ದಾಳೆ.

“ನಮ್ಮ ಸೊಸಿ ಶಾಣ್ಯಾಕಿ,” ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. “ಪದವಿ ಆಗೇತಿ. ನೆಳ್ಳು ಯಾವ ಕಡೆ ಬೀಳತೈತಿ ಅನ್ನೂದೊಂದು ಆ ಪುಸ್ತಕದಾಗ ಇದ್ದಿಲ್ಲ.”

ಕೇಂದ್ರದಿಂದ ಕುಸುಮವ್ವನಿಗೆ ಕರೆ ಬಂದದ್ದು ದಶಲಕ್ಷಣದ ದಿನಗಳಲ್ಲಿ. ಜೈನರಿಗೆ ಅವು ಉಪವಾಸದ, ಓದುವ ಕೇಳುವ ದಿನಗಳು. ಆದರೂ ಹೋದಳು. ರಜಿಯಾ ಅವಳನ್ನು ಒಂದು ತಂಪು ಕೋಣೆಗೆ ಕರೆದೊಯ್ದಳು. ಗೋಡೆಯ ತುಂಬ ಒಂದು ಪರದೆ, ಅದರ ಮೇಲೆ ಸೀಮೆಯ ಪ್ರತಿ ತೋಟಕ್ಕೂ ಒಂದೊಂದು ದೀಪ. ಮೂಗುಗಂಬಗಳು ಕಳಿಸಿದ ಸುದ್ದಿಯಿಂದ ದೀಪ ಹಸಿರಾಗುತ್ತದೆ, ಹುಳ ಹೆಚ್ಚಿದರೆ ಕೆಂಪಾಗುತ್ತದೆ. ಹಳ್ಳದ ಆಚೆಗೆಲ್ಲ ಹಸಿರು. ಈಚೆಗೆ ಒಂದು ಕೆಂಪು ಪಟ್ಟಿ, ಮೈಮೇಲೆ ಬಾಸುಂಡೆ ಎದ್ದ ಹಾಗೆ.

ರಜಿಯಾ ಪರದೆಯನ್ನು ಹಿಂದಕ್ಕೆ ಓಡಿಸಿ ತೋರಿಸಿದಳು. ಹುಳಗಳ ಹಾರಾಟ ಸಣ್ಣ ಚುಕ್ಕಿಗಳಾಗಿ ಕಾಣುತ್ತಿತ್ತು. ಸುತ್ತಲಿನ ಬೇಲಿಯಿಂದ, ಬೀಳುಬಿದ್ದ ಹೊಲದಿಂದ, ಪಕ್ಕದ ಹಳೆಯ ಸೀತಾಫಲದ ಗಿಡಗಳಿಂದ ಚುಕ್ಕಿಗಳು ಎದ್ದು, ಗಾಳಿಗೆ ಎದುರಾಗಿ ಕೆಂಪು ತೋಟಗಳ ಕಡೆಗೇ ಹೊರಡುತ್ತಿದ್ದವು. ಯಾವುದೂ ಹೊರಗೆ ಬರುತ್ತಿರಲಿಲ್ಲ, ಯಾವುದೂ ಸಾಯುತ್ತಿರಲಿಲ್ಲ. ಹೆಚ್ಚು ಕೆಂಪಾದ ತೋಟ ಕಲ್ಲಗಟ್ಟಿಯದು.

ಕೆಂಪು ದೀಪವಿದ್ದ ತೋಟಗಳ ಹೆಸರನ್ನು ರಜಿಯಾ ಓದಿದಳು. ಅವಳು ಪೂರ್ತಿ ಓದಬೇಕಾಗಿರಲಿಲ್ಲ. ಯಾರ ಯಾರ ಗಾಡಿಗೆ ತನ್ನ ಪುಡಿ ಏರಿತ್ತು ಎಂಬುದು ಕುಸುಮವ್ವನಿಗೆ ಬಾಯಿಪಾಠವಿತ್ತು. ಆದರೂ ರಜಿಯಾ ಅವಳ ಮೇಲೆ ಸಂಶಯಪಟ್ಟಂತೆ ಮಾತಾಡಲಿಲ್ಲ. ತೋಟದವರು ಬಿಸಿಲಿಗೆ ಕಟ್ಟಿರಬೇಕು, ಮಳೆಗೆ ನೆನೆಸಿರಬೇಕು ಎಂದಳು. ಆದರೂ ಒಂದು ಪರೀಕ್ಷೆ ಮಾಡಿಬಿಡೋಣ ಎಂದು ಕುಸುಮವ್ವ ತಂದಿದ್ದ ಪುಡಿಯನ್ನು ತೆಗೆದುಕೊಂಡಳು. ಎರಡು ಗಾಜಿನ ಡಬ್ಬಿ, ಎರಡರಲ್ಲೂ ದಾಳಿಂಬೆಯ ಹಸಿ ಟೊಂಗೆ, ಎರಡರಲ್ಲೂ ಸೂಜಿಹುಳ. ಒಂದಕ್ಕೆ ಕೇಂದ್ರದ ಬೂಜು, ಒಂದಕ್ಕೆ ಹಿರೇಬಾವಿಯದು.

ಡಬ್ಬಿಯ ಮುಚ್ಚಳ ತಿರುಗಿಸುತ್ತ ಅವಳು ಎಂದಿನಂತೆ ಕೇಳಿದಳು, “ಹುಳದ ಸರದಿ ಮಾತ್ರ ತಪ್ಪಿಲ್ಲಲ್ರಿ ಅಕ್ಕಾರ?”

ಕುಸುಮವ್ವ ಎಂದಿನಂತೆ “ಇಲ್ರಿ” ಎಂದಳು.

ಪರೀಕ್ಷೆಯ ಫಲ ತಿಳಿಯಲು ಒಂದು ವಾರ ಬೇಕಿತ್ತು. ಆ ನಡುವೆ ಕ್ಷಮಾವಣಿ ಬಂತು. ದಶಲಕ್ಷಣ ಮುಗಿದಮೇಲೆ ಜೈನರು ಒಬ್ಬರಿಗೊಬ್ಬರು ಕೈಮುಗಿದು, ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುವ ದಿನ ಅದು. ಬಸದಿಯ ಅಂಗಳದಲ್ಲಿ ಕುಸುಮವ್ವ ಕಂಡಕಂಡವರಿಗೆ ‘ಉತ್ತಮ ಕ್ಷಮಾ’ ಎನ್ನುತ್ತ ಬಂದಳು. ಜಗಳವಾಡದವರಿಗೂ ಹೇಳುವ ಮಾತಾದ್ದರಿಂದ ಅದು ನಮಸ್ಕಾರದಷ್ಟೇ ಸಲೀಸಾಗಿ ಬಾಯಿಗೆ ಬರುತ್ತದೆ. ಮನೆಗೆ ಬಂದು ಕೂತಿದ್ದಾಗ ತ್ರಿಶಲಾ ಫೋನು ಮಾಡಿದಳು.

“ಅವ್ವಾ, ಉತ್ತಮ ಕ್ಷಮಾ.”

“ಉತ್ತಮ ಕ್ಷಮಾ, ನನ್ನವ್ವಾ. ಊಟ ಆತು?”

“ಹಂಗಲ್ಲವ್ವಾ. ನಾ ಖರೇನ ಕೇಳಾಕತ್ತೇನಿ. ನಿನ್ನ ಪುಡಿ ನಾ ಕೆಡಿಸಿದೆ. ನೆಳ್ಳಿಗೆ ಕಟ್ಟೇನಿ ಅಂತನ ಅನಕೊಂಡಿದ್ದೆ. ಹೊತ್ತು ಇಳದ ಮ್ಯಾಲ ಬಿಸಲ ಬೀಳತಿತ್ತೋ ಏನೋ, ನಾ ನೋಡಲಿಲ್ಲ. ಅಷ್ಟು ಗಿಡ ಹ್ವಾದುವು. ನಿನ್ನ ಹೆಸರಿಗೂ ಕೇಡು ತಂದೆ. ತಪ್ಪಾತವ್ವಾ.”

ಪರೀಕ್ಷೆ ಮುಗಿದಿರಲಿಲ್ಲ, ಆದ್ದರಿಂದ ತನಗೆ ಗೊತ್ತಿರಲಿಲ್ಲ ಎಂದು ಕುಸುಮವ್ವ ಆಮೇಲೆ ಹೇಳಿಕೊಳ್ಳಬಹುದಿತ್ತು. ಆದರೆ ಹೊಟ್ಟೆಗೆ ಗೊತ್ತಿತ್ತು. ಹೊಟ್ಟೆಗೆ ಗೊತ್ತಿದ್ದೂ ಬಾಯಿ ಒಂದು ಮಾತು ಆಡಿತು.

“ಇರಲಿ ಬಿಡವ್ವಾ. ತಪ್ಪು ಎಲ್ಲಾರ ಕೈಲಿಂದನೂ ಆಗತಾವ.”

ಮಗಳು ಮೂಗು ಏರಿಸಿಕೊಂಡದ್ದು ಕೇಳಿಸಿತು. ಹಗುರಾಯಿತು ಎಂದಳು. ಕುಸುಮವ್ವ ಫೋನು ಇಟ್ಟು ಅಂಗೈ ನೋಡಿಕೊಂಡಳು. ಕದ್ದವಳು ಕಳಕೊಂಡವಳಿಗೆ ಕ್ಷಮಿಸಿದ್ದೇನೆ ಎಂದು ಹೇಳಿದ್ದಳು.

ಮತ್ತೆ ಕೇಂದ್ರಕ್ಕೆ ಹೋದಾಗ ಡಬ್ಬಿಗಳು ಮೇಜಿನ ಮೇಲಿದ್ದವು. ಮೊದಲನೆಯದರಲ್ಲಿ ಟೊಂಗೆಯ ಸುತ್ತ ಬಿಳಿಯ ಚುಕ್ಕಿಗಳು ಉದುರಿದ್ದವು, ಹತ್ತಿರ ಹೋಗಿ ನೋಡಿದರೆ ಒಂದೊಂದು ಚುಕ್ಕಿಯೂ ಸತ್ತ ಹುಳ. ಎರಡನೆಯದರಲ್ಲಿ ಮೊದಲು ಏನೂ ಕಾಣಲಿಲ್ಲ. ಟೊಂಗೆಯ ಮೈಯೆಲ್ಲ ತೂತು, ತೂತಿನ ಬಾಯಲ್ಲಿ ಹಿಟ್ಟಿನಂಥ ಕಟ್ಟಿಗೆಯ ಪುಡಿ. ನೋಡುತ್ತಿದ್ದಂತೆ ಒಂದು ಹುಳ ತೂತಿನಿಂದ ಹಿಮ್ಮುಖವಾಗಿ ಹೊರಬಂದು ಮೈಗೆ ಮೆತ್ತಿದ್ದ ಬಿಳಿ ಪುಡಿಯನ್ನು ಕಾಲಿನಿಂದ ಒರೆಸಿಕೊಂಡು ತಿರುಗಿ ಒಳಗೆ ಹೋಯಿತು. ಮದುವೆಮನೆಯಲ್ಲಿ ಗಂಧ ಹಚ್ಚಿಸಿಕೊಂಡು ಊಟಕ್ಕೆ ಹೋಗುವವರ ಹಾಗೆ.

ರಜಿಯಾ ವಿವರಿಸಿದಳು. ಬೂಜಿಗೆ ಎರಡು ಕೆಲಸ, ಕರೆಯುವುದು ಮತ್ತು ಕೊಲ್ಲುವುದು. ಕರೆಯುವ ವಾಸನೆ ಜೋಳ ತಿಂದು ಸೊಂಪಾಗಿ ಬೆಳೆದಷ್ಟೂ ಹೆಚ್ಚುತ್ತದೆ. ಕೊಲ್ಲುವ ಶಕ್ತಿ ಹುಳದ ಗಟ್ಟಿ ಚರ್ಮವನ್ನು ಕರಗಿಸಿ ಒಳಹೊಗುವ ಶಕ್ತಿ. ಅದು ಜೋಳಕ್ಕೆ ಬೇಕಾಗಿಲ್ಲ. ಬೇಡದ ಕೆಲಸವನ್ನು ಮಾಡದ ಬೂಜು ಬೇಗ ಬೆಳೆಯುತ್ತದೆ, ಬೆಳ್ಳಗೆ ಕಾಣುತ್ತದೆ. ಬೆಳ್ಳಗಿದ್ದುದನ್ನೇ ಆರಿಸುತ್ತ ಹೋದರೆ ಸೋಮಾರಿಗಳನ್ನೇ ಆರಿಸಿದಂತೆ. ಈ ಪುಡಿಯಲ್ಲಿ ಈಗ ಉಳಿದಿರುವುದು ಕರೆ ಮಾತ್ರ.

“ಎಷ್ಟು ಸಲ ತಪ್ಪೇತ್ರಿ ಸರದಿ?” ಎಂದಳು ಡಬ್ಬಿಯ ಮೇಲಿಂದ ಕಣ್ಣು ತೆಗೆಯದೆ.

“ಒಮ್ಮೆ ಅಷ್ಟ ಮಾಡೇನ್ರಿ ಬಾಯಾರ. ಮೊದಲನೇ ಸಲ.”

ಬಯ್ದಿದ್ದರೆ ಚೆನ್ನಾಗಿತ್ತು. ರಜಿಯಾ ಕುರ್ಚಿ ಎಳೆದುಕೊಂಡು ಕೂತಳು. ತನಗೂ ನಾಚಿಕೆಯಾಗಿದೆ ಎಂದಳು. ಫೋನಿನಲ್ಲಿ ಆತ್ರಿ ಎಂದರೆ ಹೂಂ ಎಂದಿದ್ದು ತಾನೇ, ಒಮ್ಮೆಯಾದರೂ ಬಂದು ಡಬ್ಬಿ ತೋರಿಸಿರಿ ಎನ್ನಲಿಲ್ಲ. ಮೇಲಿನವರಿಗೆ ಕಳಿಸುವ ವರದಿಯಲ್ಲಿ ಬೂಜಿನ ತಳಿ ಶಕ್ತಿ ಕಳೆದುಕೊಂಡಿದೆ ಎಂದಷ್ಟೇ ಬರೆಯುತ್ತೇನೆ, ಅದು ಸುಳ್ಳೂ ಅಲ್ಲ, ಯಾರ ಕೈಯಲ್ಲಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ ಎಂದಳು. ಕೆಂಪು ಪಟ್ಟಿಯ ತೋಟಗಳಲ್ಲಿ ಕಟ್ಟಿದ ಗಂಟುಗಳನ್ನು ಆ ದಿನವೇ ಬಿಚ್ಚಿ ಸುಡಬೇಕೆಂದು ಎಲ್ಲರಿಗೂ ಸುದ್ದಿ ಹೋಯಿತು. ಒಣಗಿದ ಗಿಡಗಳನ್ನು ಬೇರುಸಹಿತ ಕಿತ್ತು ಸುಡಬೇಕು ಎಂದೂ ಹೋಯಿತು, ಕಾರಣ ಹೇಳಿರಲಿಲ್ಲ.

ಮನೆಯಲ್ಲಿ ಭರಮಣ್ಣನಿಗೆ ಎಲ್ಲ ಹೇಳಿದಳು. ಅವನು ಬಹಳ ಹೊತ್ತು ಎಲೆಅಡಿಕೆಯ ಡಬ್ಬಿಯನ್ನು ತೆರೆದು ಮುಚ್ಚಿದ. ಹೇಳಬೇಡ ಎಂಬುದು ಅವನ ಮಾತು. ಹೆಣ್ಣು ಕೊಟ್ಟ ಮನೆ, ಕಾಗದದಲ್ಲೇ ಹೆಸರು ಬರುವುದಿಲ್ಲವೆಂದಮೇಲೆ ನಾವಾಗಿ ಯಾಕೆ ಬಾಯಿ ಬಿಡಬೇಕು. ಈಗ ಸೊಸೆಯ ತಪ್ಪು ಎನ್ನುತ್ತಾರೆ, ನಾಳೆ ಸೊಸೆಯ ಮನೆತನದ ತಪ್ಪು ಎನ್ನುತ್ತಾರೆ. ಗಂಟು ಬಿಸಿಲಿಗೆ ಕಟ್ಟಿದ್ದನ್ನು ಹತ್ತು ವರ್ಷಕ್ಕೆ ಮರೆತಾರು, ಬೀಗತಿ ಹುಳ ಕಳಿಸಿದ್ದನ್ನು ಮೊಮ್ಮಕ್ಕಳಿಗೂ ಹೇಳಿಯಾರು. ಅವನ ಮಾತಿನಲ್ಲಿ ತೂಕವಿತ್ತು. ಕುಸುಮವ್ವನೂ ಲೋಕ ಕಂಡವಳು, ಅದು ತೂಕದ ಮಾತೆಂದು ಅವಳಿಗೆ ತಿಳಿಯಿತು.

“ಆಕಿ ನನ್ನ ಹಂತ್ಯಾಕ ಕ್ಷಮಾ ಕೇಳ್ಯಾಳ,” ಎಂದಳು. “ನಾ ಕೊಟ್ಟೇನಿ. ಕೊಟ್ಟು ಕುಂತೇನಿ ನೋಡ್ರಿ.”

ಭರಮಣ್ಣ ಡಬ್ಬಿ ಮುಚ್ಚಿ ಕಾಲಿಗೆ ಜೋಡು ಹಾಕಿಕೊಂಡ.

ಕಲ್ಲಗಟ್ಟಿಗೆ ಅವರು ಮುಟ್ಟಿದಾಗ ತೋಟದ ಕಡೆಯಿಂದ ಹೊಗೆ ಏಳುತ್ತಿತ್ತು. ಪಾಯಗೌಡರು ಹೊಲದಿಂದ ಬಂದು ಕಾಲು ತೊಳೆದು ಪಡಸಾಲೆಯಲ್ಲಿ ಕೂತಿದ್ದರು, ಮೈಯೆಲ್ಲ ಹಸಿ ಕಟ್ಟಿಗೆಯ ಹೊಗೆಯ ವಾಸನೆ. ಮುಖದಲ್ಲಿ ನಗೆ ಇರಲಿಲ್ಲ, ಆದರೂ ಬೀಗರಿಗೆ ಜಮಖಾನೆ ಹಾಸಿಸಿದರು. ಚಂಪಾಬಾಯಿ ಚಹಾಕ್ಕೆ ಕೂಗಿ ಹೇಳಿ ಬಂದು ಕೂತಳು. ಕುಸುಮವ್ವ ಬಾಯಿ ತೆರೆಯುವ ಮೊದಲೇ ಅವಳು ಶುರುಮಾಡಿದಳು. ಎಂಥ ಪುಡಿ, ಬಿಡಿಸಿದರೆ ಮನೆಯೆಲ್ಲ ವಾಸನೆ, ಅಂಥದನ್ನು ತಂದು ಕೊಟ್ಟರೆ ನಮ್ಮ ಸೊಸೆ ಹೀಗೆ ಮಾಡಿದಳು. ಸುತ್ತ ಹಳ್ಳಿಯಲ್ಲಿ ಹಿರೇಬಾವಿಯ ಪುಡಿಗೆ ಕೆಟ್ಟ ಹೆಸರು ಬಂತು. ನಿಮ್ಮ ಮುಂದೆ ನಾವೇ ತಲೆ ತಗ್ಗಿಸುವ ಹಾಗಾಯಿತು. ಅವಳು ಬಯ್ಯುತ್ತಿದ್ದುದೂ ಕುಸುಮವ್ವನ ಮರ್ಯಾದೆ ಕಾಯುವುದಕ್ಕಾಗಿ. ಅದನ್ನು ಕೇಳುತ್ತ ಕೂರುವುದು ಕುಸುಮವ್ವನಿಂದ ಆಗಲಿಲ್ಲ.

“ಬಿಸಲಿಗೆ ಕಟ್ಟಿಲ್ರಿ ಆಕಿ,” ಎಂದಳು. “ಪುಡಿನ ಸುಳ್ಳಿತ್ತು.”

ತಿಳಿಯುವಂತೆ ಹೇಳಿದಳು. ಹುಳದ ಸರದಿ ಎಂದರೇನು, ಅದನ್ನು ಯಾಕೆ ಮಾಡಲಿಲ್ಲ, ಮಾಡಿದೆನೆಂದು ಯಾರಿಗೆ ಹೇಳುತ್ತ ಬಂದೆ, ಗಾಜಿನ ಡಬ್ಬಿಯಲ್ಲಿ ಏನು ಕಂಡೆ. ಧರ್ಮದ ಮಾತನ್ನು ನಡುವೆ ತರಲಿಲ್ಲ. ಬೆಳ್ಳಗೆ ಕಾಣಲಿ ಎಂದು ಮಾಡಿದೆ ಎಂದಳು. ಅಡಿಗೆಮನೆಯ ಬಾಗಿಲಲ್ಲಿ ತ್ರಿಶಲಾ ಚಹಾದ ತಾಟು ಹಿಡಿದು ಬಂದವಳು ಅಲ್ಲೇ ನಿಂತಿದ್ದಳು.

ಪಾಯಗೌಡರು ಗಿಡ ಕೀಳುವಾಗ ಅಂಗೈಗೆ ಹೊಕ್ಕ ಮುಳ್ಳನ್ನು ತೆಗೆಯುತ್ತ ಕೇಳುತ್ತಿದ್ದರು.

“ಅಂದ್ರ ನಾವು ಕಟ್ಟಿದ್ದು ಔಷಧ ಅಲ್ಲ,” ಎಂದರು.

“ಅಲ್ರಿ.”

“ಸುತ್ತಿನ ಹುಳಕ್ಕೆಲ್ಲಾ ಊಟಕ್ಕ ಬರ್ರಿ ಅಂತ ಹೇಳಿ ಕಳಿಸಿದಂಗ. ಮ್ಯಾಲ ನಾ ಒಂದಕ್ಕ ಎರಡು ಕಟ್ಟಿಸಿದೆ.”

“ಹೌದ್ರಿ.”

ಕುಸುಮವ್ವ ಎದ್ದು ನಿಂತು ಎರಡೂ ಕೈ ಜೋಡಿಸಿದಳು. ಆ ಎರಡು ಶಬ್ದ ತುಟಿಗೆ ಬರುವುದರಲ್ಲಿತ್ತು. ಪಾಯಗೌಡರು ತಲೆ ಎತ್ತಿದರು. ದನಿ ಏರಿಸಲಿಲ್ಲ.

“ಕ್ಷಮಾದ ದಿನ ಹ್ವಾದ ವಾರಾನ ಆಗಿ ಹೋತ್ರಿ, ಬೀಗತಿಯವರ. ಇನ್ನ ಬರೂ ವರ್ಷ.”

ಚಂಪಾಬಾಯಿ ಸೊಸೆಯ ಕಡೆ ನೋಡಿದಳು. ತ್ರಿಶಲಾ ಬಂದು ತಾಟನ್ನು ಕೆಳಗಿಟ್ಟಳು. ಎಲ್ಲರಿಗೂ ಕೊಟ್ಟಮೇಲೆ ಕೊನೆಯ ಕಪ್ಪನ್ನು ತಾಯಿಯ ಮುಂದಿಟ್ಟು ಅಲ್ಲೇ ಮೊಣಕಾಲೂರಿ ಕೂತಳು.

“ಅವ್ವಾ, ಆವತ್ತ ಫೋನಿನ್ಯಾಗ ನಾ ಅತ್ತೆ. ಆವಾಗ ನಿನಗ ಗೊತ್ತಿತ್ತು?”

ಗೊತ್ತಿರಲಿಲ್ಲ ಎನ್ನಲು ಅವಕಾಶವಿತ್ತು. ಪರೀಕ್ಷೆ ಮುಗಿದಿರಲಿಲ್ಲ.

“ಗೊತ್ತಿತ್ತು,” ಎಂದಳು ಕುಸುಮವ್ವ.

ತ್ರಿಶಲಾ ಹೂಂ ಎಂದು ಎದ್ದು ಒಳಗೆ ಹೋದಳು. ಅವರು ಹೊರಡುವಾಗ ಅವಳು ಬಾಗಿಲಿಗೆ ಬರಲಿಲ್ಲ. ಚಂಪಾಬಾಯಿ ಬಂದು ಪದ್ಧತಿಯಂತೆ ಕುಂಕುಮ ಕೊಟ್ಟಳು. ಅಷ್ಟು ಮಾತುಗಾರ್ತಿ ಸುಮ್ಮನಿದ್ದದ್ದು ದಾರಿಯುದ್ದಕ್ಕೂ ಕುಸುಮವ್ವನ ಕಿವಿಯಲ್ಲಿತ್ತು.

ಕೇಂದ್ರದಿಂದ ಹೊಸ ತಾಯಿಬೂಜು ಬಂತು. ಸಂಘದವರು ಕುಸುಮವ್ವನನ್ನು ಬಿಡಿಸಲಿಲ್ಲ, ಅವಳೇ ಬಿಡುತ್ತೇನೆ ಎಂದಾಗ ಮಾಡಿದವಳೇ ಸರಿಪಡಿಸು ಎಂದು ಕೂರಿಸಿದರು. ಹಳೆಯ ಚೀಲಗಳನ್ನೆಲ್ಲ ಕುದಿಸಿ ಗುಂಡಿಗೆ ಹಾಕಿದರು. ಓಣಿಯಲ್ಲಿ ಅಂಬಲಿಯ ವಾಸನೆ ಹೋಗಲು ಬಹಳ ದಿನ ಹಿಡಿಯಿತು. ಅಲ್ಲಿಂದ ಮುಂದೆ ಐದನೆಯ ಸಲ ಬಂದಾಗಲೆಲ್ಲ ಅವಳು ಇನ್ನೊಬ್ಬರ ಕೈಗೆ ಕೊಡದೆ ತಾನೇ ಗಾಜಿನ ಡಬ್ಬಿ ತೆಗೆಯುತ್ತಿದ್ದಳು. ಮಗ್ಗುಲಲ್ಲಿ ಕೂತು ಹುಳ ಓಡಾಡುವುದನ್ನು, ತೂಗಾಡುವುದನ್ನು, ಗೆಣ್ಣಿನಿಂದ ನೂಲು ಹೊರಡುವುದನ್ನು ನೋಡುತ್ತಿದ್ದಳು. ಮುಖ ತಿರುಗಿಸುತ್ತಿರಲಿಲ್ಲ. ಆ ದಿನ ಅವಳು ಒಂದು ಹೊತ್ತಿನ ಊಟ ಬಿಡುತ್ತಿದ್ದುದು ಭರಮಣ್ಣನಿಗೆ ಗೊತ್ತಾದರೂ ಅವನು ಅದನ್ನು ಹಿಡಿದು ಕಾಡಿಸಲಿಲ್ಲ. ಪುಡಿ ಬೂದಿಬಣ್ಣದ್ದಾಗಿ ಬಂತು. ಹಳೆಯ ಗಿರಾಕಿಗಳು ಮುಖ ಸಿಂಡರಿಸಿದರೆ, ಬೆಳ್ಳಗೆ ಬೇಕಾದರೆ ಗಿರಣಿಯಲ್ಲಿ ಗೋದಿ ಹಿಟ್ಟು ಸಿಗುತ್ತದೆ, ಅದನ್ನು ಒಯ್ಯಿರಿ ಎನ್ನುತ್ತಿದ್ದಳು.

ಮರುವರ್ಷದ ಕ್ಷಮಾವಣಿಗೆ ಅವಳು ಬಸದಿಯ ಅಂಗಳದಲ್ಲಿ ನಿಲ್ಲಲಿಲ್ಲ. ಕೆಂಪು ಪಟ್ಟಿಯಲ್ಲಿದ್ದ ತೋಟಗಳಿಗೆ ಹೋದಳು. ಅವರಲ್ಲಿ ಜೈನರೂ ಇದ್ದರು, ಲಿಂಗವಂತರೂ ಕುರುಬರೂ ಮುಸಲ್ಮಾನರೂ ಇದ್ದರು. ಮನೆಮನೆಯಲ್ಲೂ ತಾನು ಏನು ಮಾಡಿದೆ ಎಂಬುದನ್ನು ಹೆಸರಿಟ್ಟು ಹೇಳಿದಳು. ಒಬ್ಬ ಅಜ್ಜಿ ಅವಳ ಕೈ ಹಿಡಿದು ಒಳಗೆ ಕರೆದಳು. ಒಂದು ಮನೆಯವರು ಕಿಟಕಿಯಿಂದ ನೋಡಿಯೂ ಬಾಗಿಲು ತೆರೆಯಲಿಲ್ಲ. ಪಾಯಗೌಡರು ಉಳಿದ ಗಿಡಗಳ ನಡುವೆ ನಿಂತಿದ್ದರು. ಕ್ಷಮಿಸಿದೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಬಿಸಿಲಲ್ಲಿ ಬಂದಿರಿ, ನೀರು ಕುಡಿಯಿರಿ ಎಂದು ಆಳಿಗೆ ಹೇಳಿ ತಂಬಿಗೆ ತರಿಸಿದರು. ನೀರನ್ನು ಸೋಸಿ ತಂದಿದ್ದರು.

ತೋಟದಲ್ಲಿ ಗಂಟುಗಳನ್ನು ತ್ರಿಶಲಾ ಕಟ್ಟುತ್ತಿದ್ದಳು. ಆ ಕೆಲಸವನ್ನು ಚಂಪಾಬಾಯಿಯೇ ಅವಳ ಕೈಗೆ ತಿರುಗಿ ಕೊಟ್ಟಿದ್ದಳು. ನಿನ್ನ ಕೈಯಿಂದ ಕೆಟ್ಟಿರಲಿಲ್ಲ ಅದು, ನೀನೇ ಕಟ್ಟು ಎಂದಿದ್ದಳಂತೆ, ಅದೂ ನೆರೆಯವರು ಕೂತಿರುವಾಗ. ತಾಯಿಯನ್ನು ಕಂಡು ತ್ರಿಶಲಾ ಕೈಯೊಳಗಿನ ದಾರ ಬಿಟ್ಟು ಬಂದಳು. ಕೈಮುಗಿದು ಉತ್ತಮ ಕ್ಷಮಾ ಎಂದಳು. ಕುಸುಮವ್ವನೂ ಅಂದಳು. ಇನ್ನೊಂದು ಮಾತು ಬರುತ್ತದೆಯೇ ಎಂದು ಕಾದಳು. ಅಪ್ಪ ಹೇಗಿದ್ದಾನೆ ಎಂದು ಕೇಳಿ ತ್ರಿಶಲಾ ಗಿಡಗಳ ಕಡೆಗೆ ಹೋದಳು.

ಕೇಂದ್ರದ ಪರದೆಯ ಮೇಲೆ ಆ ಪಟ್ಟಿ ಈಗ ಹಸಿರಾಗಿದೆ. ಬೂಜು ಕೊಲ್ಲುವುದನ್ನು ತಿರುಗಿ ಕಲಿಯಿತು. ಪಾಯಗೌಡರ ತೋಟದಲ್ಲಿ ಅರ್ಧಕ್ಕಿಂತ ಹೆಚ್ಚು ಗಿಡ ಹೋದವು, ಹೊಸದಾಗಿ ನೆಟ್ಟವು ಹಣ್ಣಿಗೆ ಬರಲು ಇನ್ನೂ ಹೊತ್ತಿದೆ. ಮಗಳ ಮೇಲಿದ್ದ ಮಾತು ಹೋಯಿತು. ಮಗಳು ಅಳುವುದಕ್ಕೆ ತಾಯಿಗೆ ಫೋನು ಮಾಡುವುದೂ ಹೋಯಿತು.